ತಿದ್ದಿದ ಫೋಟೋದ ತಾರೀಕು ತಪ್ಪಿದಾಗ: ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಬಗೆ

ಮಕ್ಕಂದೂರು ಕಡೆಯ ಕಾಫಿ ಬೆಳೆಗಾರರೊಬ್ಬರು ಒಂದು ಪೆನ್‌ಡ್ರೈವ್ ತಂದು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ 412 ಫೋಟೋಗಳಿದ್ದವು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿಯುವ ಮುಂಚೆ ಅವರ ಗದ್ದೆ, ತೋಟ, ಮನೆಯಂಗಳ ಹೇಗಿದ್ದವು, ಕುಸಿದ ಮೇಲೆ ಏನಾದವು ಎಂಬುದೆಲ್ಲ ಅವುಗಳಲ್ಲಿತ್ತು. ಹಲವು ಚಿತ್ರಗಳು ಮಬ್ಬಾಗಿದ್ದವೆಂದು ಮನೆಯವರೊಬ್ಬರು ಒಂದು ಭಾನುವಾರ ಕುಳಿತು ಬೆಳಕು ಹೆಚ್ಚಿಸಿ, ವಾಲಿದ್ದನ್ನು ನೆಟ್ಟಗೆ ಮಾಡಿ, ಅಂಚು ಕತ್ತರಿಸಿ ಉಳಿಸಿದ್ದರು. ಆಮೇಲೆ ನೋಡಿದರೆ ಎಲ್ಲ ಚಿತ್ರಗಳಿಗೂ ಆ ಭಾನುವಾರದ್ದೇ ತಾರೀಕು. "ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ನನಗೆ ಗೊತ್ತು. ಮೊಮ್ಮಕ್ಕಳಿಗೆ ಹೇಗೆ ಗೊತ್ತಾಗಬೇಕು?" ಎಂದು ಅವರು ಕೇಳಿದರು.

ಆ ಪೆನ್‌ಡ್ರೈವ್‌ನ ಕೆಲಸ ಮುಗಿಸಲು ನಾನು ಹಿಡಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಡಿಕೇರಿಯಲ್ಲಿ ಸ್ಟುಡಿಯೋ ಕೆಲಸ ಮಾಡುತ್ತಾ ಇಂಥ ದೂರುಗಳನ್ನು ಬಹಳ ಕೇಳಿದ್ದೇನೆ. ತಾರೀಕು ಹೋಯಿತು ಎಂದು ಬಂದವರಲ್ಲಿ ಹೆಚ್ಚಿನವರಿಗೆ ತಾರೀಕು ಹೋಗಿರುವುದಿಲ್ಲ. ಅವರು ನೋಡುತ್ತಿರುವ ಜಾಗ ಬೇರೆ, ಅದು ಇರುವ ಜಾಗ ಬೇರೆ. ಹೋಗಿದೆಯೋ ಮರೆಯಾಗಿದೆಯೋ ಎಂದು ತಿಳಿಯದೆ ದುರಸ್ತಿಗೆ ಕೈಹಾಕಿದರೆ ಉಳಿದಿರುವುದನ್ನೂ ಕಳೆದುಕೊಳ್ಳುತ್ತೀರಿ.

ಮೊದಲು ಒಂದು ನಕಲು

ಏನನ್ನೂ ತೆರೆಯುವ ಮುಂಚೆ ಇಡೀ ಫೋಲ್ಡರನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ. ಮೆಮೊರಿ ಕಾರ್ಡ್ ಆಗಿದ್ದರೆ ಅದರ ಪಕ್ಕದಲ್ಲಿರುವ ಸಣ್ಣ ಬೀಗದ ಗುಂಡಿಯನ್ನು ಕೆಳಗೆ ಸರಿಸಿ, ಆಮೇಲೆ ಕಂಪ್ಯೂಟರಿಗೆ ಹಾಕಿ. ಆಗ ಕಂಪ್ಯೂಟರ್ ಆ ಕಾರ್ಡಿಗೆ ಏನನ್ನೂ ಬರೆಯಲಾರದು. ಅಡ್ಡಬಿದ್ದ ಫೋಟೋವನ್ನು ನೋಡುವಾಗ ತಿರುಗಿಸುವ ಗುಂಡಿ ಒತ್ತಿದರೂ ಸಾಕು, ಕೆಲವು ತಂತ್ರಾಂಶಗಳು ಕೇಳದೆಯೇ ಫೈಲನ್ನು ಹೊಸದಾಗಿ ಬರೆದುಬಿಡುತ್ತವೆ. ಪರೀಕ್ಷೆ, ದುರಸ್ತಿ ಎಲ್ಲವೂ ನಕಲಿನ ಮೇಲೆ ನಡೆಯಲಿ. ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಒಂದು ಫೋಟೋಗೆ ಎಷ್ಟು ತಾರೀಕು?

ಕಾಫಿ ಮೂಟೆಯನ್ನು ನೆನಪಿಸಿಕೊಳ್ಳಿ. ಹೊರಗೆ ಒಂದು ಚೀಟಿ ಇರುತ್ತದೆ: ಯಾವ ದಿನ ಗೋದಾಮಿಗೆ ಬಂತು, ಯಾವ ದಿನ ಬಿಚ್ಚಿ ಮತ್ತೆ ಹೊಲಿದರು ಎಂದು. ಮೂಟೆ ಇನ್ನೊಂದು ಗೋದಾಮಿಗೆ ಹೋದರೆ ಅಲ್ಲಿ ಹೊಸ ಚೀಟಿ ಬೀಳುತ್ತದೆ. ಒಳಗಿರುವ ಬೀಜ ಮಾತ್ರ ಅದೇ ಕೊಯ್ಲಿನದು. ಫೋಟೋ ಫೈಲ್ ಕೂಡ ಹೀಗೆಯೇ. ಕಂಪ್ಯೂಟರ್ ತನ್ನ ಲೆಕ್ಕಕ್ಕೆ ಫೈಲ್ ಹುಟ್ಟಿದ ತಾರೀಕು, ಬದಲಾದ ತಾರೀಕು ಎಂದು ಇಟ್ಟುಕೊಳ್ಳುತ್ತದೆ. ಇವು ಡಿಸ್ಕ್‌ನ ದಾಖಲೆ, ಚಿತ್ರದ ಭಾಗವಲ್ಲ. ಕ್ಯಾಮೆರಾ ಬರೆದ ತಾರೀಕು ಫೈಲಿನ ಒಳಗೆ, ಎಕ್ಸಿಫ್ ಎಂಬ ಭಾಗದಲ್ಲಿರುತ್ತದೆ.

ಎಕ್ಸಿಫ್ ಎಂಬುದು ಜಪಾನಿನ ಕೈಗಾರಿಕಾ ಸಂಘವೊಂದು 1995ರಲ್ಲಿ ರೂಪಿಸಿದ ಮಾದರಿ. ಅದರೊಳಗೂ ಮೂರು ತಾರೀಕುಗಳಿಗೆ ಜಾಗವಿದೆ. ಒಂದು, ದೃಶ್ಯ ಮೊದಲು ಸೆರೆಯಾದ ಕ್ಷಣ. ಎರಡು, ಅದು ಡಿಜಿಟಲ್ ರೂಪಕ್ಕೆ ಬಂದ ಕ್ಷಣ. ಮೂರು, ಫೈಲ್ ಕೊನೆಯ ಸಲ ಬದಲಾದ ಕ್ಷಣ. ಡಿಜಿಟಲ್ ಕ್ಯಾಮೆರಾದಲ್ಲಿ ಕ್ಲಿಕ್ಕಿಸಿದಾಗ ಮೂರೂ ಒಂದೇ ಆಗಿರುತ್ತವೆ. ಹಳೆಯ ಅಚ್ಚನ್ನು ಸ್ಕ್ಯಾನ್ ಮಾಡಿದಾಗ ಮೊದಲನೆಯದು 1972 ಆಗಿರಬಹುದು, ಎರಡನೆಯದು ಇಂದಿನದು. ತಿದ್ದಿ ಉಳಿಸಿದಾಗ ಮೂರನೆಯದು ಬದಲಾಗುವುದು ನ್ಯಾಯವೇ. ಮೊದಲನೆಯದು ಬದಲಾಗಬಾರದು, ಅಳಿಯಲೂಬಾರದು. ನಾವು ಕಾಪಾಡಬೇಕಾದದ್ದು ಅದೊಂದನ್ನೇ.

ಹಾಗಾದರೆ ತಿದ್ದುವಾಗ ಅದು ಯಾಕೆ ಅಳಿಯುತ್ತದೆ? ಜೆಪೆಗ್ ಫೈಲಿನಲ್ಲಿ ಎಕ್ಸಿಫ್ ಆರಂಭದಲ್ಲೇ, 64 ಕಿಲೋಬೈಟ್ ಮೀರದ ಒಂದು ಪ್ರತ್ಯೇಕ ಖಾನೆಯಲ್ಲಿರುತ್ತದೆ. ತಿದ್ದುವ ತಂತ್ರಾಂಶ ಫೈಲನ್ನು ತೆರೆದಾಗ ಅದಕ್ಕೆ ಬೇಕಾದದ್ದು ಬಣ್ಣದ ಚುಕ್ಕೆಗಳು. ಉಳಿಸುವಾಗ ಅದು ಹಳೆಯ ಫೈಲನ್ನು ತೇಪೆ ಹಾಕಿ ಸರಿಪಡಿಸುವುದಿಲ್ಲ, ಚುಕ್ಕೆಗಳಿಂದ ಹೊಸ ಫೈಲನ್ನೇ ಕಟ್ಟುತ್ತದೆ. ಹಳೆಯ ಖಾನೆಯನ್ನು ನೆನಪಿಟ್ಟು ಹೊಸದರೊಳಗೆ ಇಡುವುದು ತಂತ್ರಾಂಶ ಬರೆದವರು ಪ್ರತ್ಯೇಕವಾಗಿ ಮಾಡಬೇಕಾದ ಕೆಲಸ. ಕೆಲವರು ಮಾಡಿದ್ದಾರೆ, ಕೆಲವರು ಮಾಡಿಲ್ಲ, ಇನ್ನು ಕೆಲವರು ಅದನ್ನು ಒಂದು ಸಣ್ಣ ಆಯ್ಕೆಯ ಚೌಕದ ಹಿಂದೆ ಇಟ್ಟಿದ್ದಾರೆ.

ಒಳಗೆ ತಾರೀಕು ಇದೆಯೇ ಎಂಬ ಪರೀಕ್ಷೆ

ವಿಂಡೋಸ್‌ನಲ್ಲಿ ಫೋಟೋದ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆಯಿರಿ. ಮೊದಲ ಪುಟದಲ್ಲಿ ಕಾಣುವ ತಾರೀಕುಗಳು ಮೂಟೆಯ ಹೊರಗಿನ ಚೀಟಿಗಳು, ಅವನ್ನು ಬಿಡಿ. ಡೀಟೇಲ್ಸ್ ಎಂಬ ಪುಟಕ್ಕೆ ಹೋಗಿ ಡೇಟ್ ಟೇಕನ್ ಎಂಬ ಸಾಲನ್ನು ನೋಡಿ. ಅಲ್ಲಿ ಸರಿಯಾದ ತಾರೀಕು ಇದ್ದರೆ ನಿಮ್ಮ ಫೋಟೋಗೆ ಏನೂ ಆಗಿಲ್ಲ.

ಹಾಗಿದ್ದರೂ ಫೋಲ್ಡರಿನಲ್ಲಿ ಎಲ್ಲವೂ ಒಂದೇ ದಿನದ್ದಾಗಿ ಕಾಣುವುದಕ್ಕೆ ಕಾರಣ ಜೋಡಣೆಯ ಆಧಾರ. ಪಟ್ಟಿಯ ತಲೆಸಾಲಿನ ಮೇಲೆ ಬಲಗುಂಡಿ ಒತ್ತಿ, ಡೇಟ್ ಮಾಡಿಫೈಡ್ ಬದಲು ಡೇಟ್ ಟೇಕನ್ ಆಯ್ದುಕೊಂಡು ಜೋಡಿಸಿ. ಇನ್ನೊಂದು ವಿಚಿತ್ರವೂ ಕಣ್ಣಿಗೆ ಬೀಳುತ್ತದೆ: ಫೈಲ್ ಹುಟ್ಟಿದ ತಾರೀಕು, ಬದಲಾದ ತಾರೀಕಿಗಿಂತ ಈಚಿನದಾಗಿರುತ್ತದೆ. ಹುಟ್ಟುವ ಮೊದಲೇ ಬದಲಾಗುವುದು ಹೇಗೆ ಎಂದು ಹಲವರು ಗಾಬರಿಯಾಗುತ್ತಾರೆ. ವಿಂಡೋಸ್ ಫೈಲನ್ನು ನಕಲು ಮಾಡಿದಾಗ ಬದಲಾದ ತಾರೀಕನ್ನು ಹಳೆಯದರಿಂದ ತಂದು, ಹುಟ್ಟಿದ ತಾರೀಕನ್ನು ನಕಲು ಮಾಡಿದ ಗಳಿಗೆಗೆ ಇಡುತ್ತದೆ. ಅದು ದೋಷವಲ್ಲ.

ಪೆನ್‌ಡ್ರೈವ್‌ನ 412ರಲ್ಲಿ 247 ಚಿತ್ರಗಳು ಈ ಪರೀಕ್ಷೆಯಲ್ಲೇ ಪಾರಾದವು. ಜೋಡಣೆ ಬದಲಿಸಿದ ಕೂಡಲೇ ಅವು 2016ರಿಂದ 2018ರವರೆಗೆ ಸಾಲಾಗಿ ನಿಂತವು. ಆ ಹಿರಿಯರು ಪರದೆಯ ಹತ್ತಿರ ಬಂದು, ಒಂದೊಂದನ್ನೇ ಬೆರಳಿಟ್ಟು ನೋಡಿ, "ಇದು ಹೂಮಳೆ ಬಂದ ವಾರ" ಎಂದರು. ಚಿತ್ರದಲ್ಲಿ ರೊಬಸ್ಟಾ ತೋಟವಿಡೀ ಬಿಳಿ ಹೂವಿನಿಂದ ತುಂಬಿತ್ತು. ತಾರೀಕು ಮಾರ್ಚ್ ತಿಂಗಳಿನದು. ಹೊಂದಿತು. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಅರಳುವ ಕಾಫಿ ಹೂವಿಗಿಂತ ಒಳ್ಳೆಯ ಸಾಕ್ಷಿ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ.

ಒಳಗೂ ಖಾಲಿಯಿದ್ದರೆ

ಡೇಟ್ ಟೇಕನ್ ಖಾಲಿಯಿದ್ದರೆ ಅದೇ ಪುಟದಲ್ಲಿ ಕೆಳಗೆ ಸರಿದು ಕ್ಯಾಮೆರಾದ ಹೆಸರು, ಮಾದರಿ, ಶಟರ್ ವೇಗ, ಐಎಸ್‌ಒ ಇವೆಯೇ ನೋಡಿ. ಅವೂ ಇಲ್ಲದಿದ್ದರೆ ಎಕ್ಸಿಫ್ ಖಾನೆ ಪೂರ್ತಿಯಾಗಿ ಬಿದ್ದುಹೋಗಿದೆ ಎಂದರ್ಥ. ಕ್ಯಾಮೆರಾ ವಿವರ ಇದ್ದು ತಾರೀಕು ಮಾತ್ರ ಖಾಲಿಯಿದ್ದರೆ ಕ್ಯಾಮೆರಾದ ಗಡಿಯಾರವನ್ನು ಯಾರೂ ಹೊಂದಿಸಿರಲಿಲ್ಲ ಅಥವಾ ತಂತ್ರಾಂಶವೊಂದು ಆರಿಸಿ ಅಳಿಸಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಖಾನೆ ಪೂರ್ತಿ ಬಿದ್ದುಹೋಗಲು ನಮ್ಮಲ್ಲಿ ಅತಿ ಸಾಮಾನ್ಯ ಕಾರಣ ವಾಟ್ಸ್‌ಆ್ಯಪ್. ಫೋಟೋ ಎಂದು ಕಳುಹಿಸಿದ ಚಿತ್ರವನ್ನು ಅದು ಕುಗ್ಗಿಸಿ ಹೊಸ ಫೈಲ್ ಮಾಡುತ್ತದೆ, ಎಕ್ಸಿಫ್ ಉಳಿಯುವುದಿಲ್ಲ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಫೈಲ್ ಇದ್ದ ಹಾಗೆಯೇ ಹೋಗುತ್ತದೆ, ತಾರೀಕೂ ಜೊತೆಗೆ ಹೋಗುತ್ತದೆ. ಎರಡನೆಯ ಕಾರಣ ಸ್ಕ್ರೀನ್‌ಶಾಟ್. ಅದು ಪರದೆಯ ಹೊಸ ಚಿತ್ರ. ಹಳೆಯ ಫೋಟೋದ ಚರಿತ್ರೆ ಅದಕ್ಕೆ ತಿಳಿಯದು.

ಮೂರನೆಯದು ತಿದ್ದುವ ತಂತ್ರಾಂಶದ ಉಳಿಸುವ ಕಿಟಕಿ. ಗಿಂಪ್‌ನಲ್ಲಿ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಎಕ್ಸಿಫ್ ಉಳಿಸುವ ಚೌಕ ಕಾಣುತ್ತದೆ, ಅದಕ್ಕೆ ಗುರುತು ಬಿದ್ದಿರಬೇಕು. ಇರ್ಫಾನ್‌ವ್ಯೂನಲ್ಲಿ ಕೂಡ ಉಳಿಸುವಾಗ ಮೂಲ ಎಕ್ಸಿಫ್ ಇಟ್ಟುಕೊಳ್ಳುವ ಆಯ್ಕೆ ಇದೆ. ಫೋಟೋಶಾಪ್‌ನಲ್ಲಿ ಸೇವ್ ಫಾರ್ ವೆಬ್ ಎಂಬ ದಾರಿ ಹಿಡಿದರೆ ಮೆಟಾಡೇಟಾ (ಫೈಲಿನ ಬಗೆಗಿನ ಮಾಹಿತಿ) ಎಂಬ ಪಟ್ಟಿಯಲ್ಲಿ ಎಲ್ಲವನ್ನೂ ಇಡು ಎಂದು ನೀವೇ ಆರಿಸಬೇಕು. ಅದು ಜಾಲತಾಣಕ್ಕೆಂದು ಫೈಲನ್ನು ಹಗುರ ಮಾಡುವ ದಾರಿ. ಲೈಟ್‌ರೂಮ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲೂ ಆಲ್ ಮೆಟಾಡೇಟಾ ಮತ್ತು ಕಾಪಿರೈಟ್ ಓನ್ಲಿ ಎಂಬ ಬೇರೆ ಬೇರೆ ಆಯ್ಕೆಗಳಿವೆ. ಪಿಎನ್‌ಜಿ ರೂಪಕ್ಕೆ ಬದಲಿಸಿದಾಗಲೂ ಎಚ್ಚರ ಬೇಕು: ಆ ರೂಪಕ್ಕೆ ಎಕ್ಸಿಫ್‌ಗಾಗಿ ಅಧಿಕೃತ ಜಾಗ ಸಿಕ್ಕಿದ್ದೇ 2017ರಲ್ಲಿ.

ನಿಮ್ಮ ತಂತ್ರಾಂಶ ಎಂಥದ್ದು ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಒಂದೇ ಒಂದು ಫೋಟೋವನ್ನು ನಕಲು ಮಾಡಿ, ಅದರಲ್ಲಿ ತೆರೆದು, ಸ್ವಲ್ಪ ಕತ್ತರಿಸಿ, ನೀವು ದಿನವೂ ಉಳಿಸುವ ರೀತಿಯಲ್ಲೇ ಉಳಿಸಿ, ಮತ್ತೆ ಡೀಟೇಲ್ಸ್ ಪುಟ ನೋಡಿ. ಎರಡು ನಿಮಿಷದ ಕೆಲಸ. ನೂರಾರು ಫೋಟೋಗಳನ್ನು ತಿದ್ದಲು ಕೂರುವ ಮುಂಚೆ ಆ ಎರಡು ನಿಮಿಷ ಕೊಟ್ಟಿದ್ದರೆ ಪೆನ್‌ಡ್ರೈವ್‌ನಲ್ಲಿದ್ದ 126 ಚಿತ್ರಗಳು ಬಚಾವಾಗುತ್ತಿದ್ದವು. ಅವು ಹೊಸದಾಗಿ ಇಳಿಸಿಕೊಂಡ ಒಂದು ಉಚಿತ ತಂತ್ರಾಂಶದ ಮೂಲಕ ಹೊರಬಿದ್ದಿದ್ದವು. ಉಳಿದ 39 ನೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದವು.

ತಾರೀಕು ಇದೆ, ಆದರೆ ತಪ್ಪಿದೆ

ಇದು ನನಗೆ ಅತ್ಯಂತ ಆಸಕ್ತಿಯ ಭಾಗ. ಕಾರಣವೇನೆಂದರೆ, ಎಷ್ಟು ತಪ್ಪಿದೆ ಎಂಬ ಅಂತರವೇ ಯಾಕೆ ತಪ್ಪಿತು ಎಂಬುದನ್ನು ಹೇಳಿಬಿಡುತ್ತದೆ. ಅಂತರ ಅಳೆಯಲು ಸಮಯ ಖಚಿತವಾಗಿ ಗೊತ್ತಿರುವ ಒಂದು ಫೋಟೋ ಬೇಕು, ಅಷ್ಟೆ. ಅಂಥ ಒಂದು ಕ್ಷಣ ನಮಗೆ ಪ್ರತಿ ವರ್ಷ ಸಿಗುತ್ತದೆ: ತಲಕಾವೇರಿಯ ತೀರ್ಥೋದ್ಭವ. ತುಲಾ ಸಂಕ್ರಮಣದ ಮುಹೂರ್ತವನ್ನು ನಿಮಿಷದ ಲೆಕ್ಕದಲ್ಲಿ ಮೊದಲೇ ಪ್ರಕಟಿಸುತ್ತಾರೆ. 2022ರಲ್ಲಿ ಅಕ್ಟೋಬರ್ 17ರ ಸಂಜೆ 7:21ಕ್ಕೆ, 2023ರಲ್ಲಿ 17ರ ನಡುರಾತ್ರಿ ಕಳೆದು, ಅಂದರೆ 18ರ 1:27ಕ್ಕೆ, 2024ರಲ್ಲಿ 17ರ ಬೆಳಿಗ್ಗೆ 7:40ಕ್ಕೆ ಆಯಿತು. ವರ್ಷ ವರ್ಷಕ್ಕೆ ಸುಮಾರು ಆರು ಗಂಟೆ ಮುಂದೆ ಸರಿಯುತ್ತಾ ಹೋಗುವುದನ್ನು ನೋಡಿ. ಆ ಹೊತ್ತಿಗೆ ಜನ ಒಟ್ಟಾಗಿ ಕೈ ಎತ್ತಿ ಜಯಘೋಷ ಮಾಡುವ ಚಿತ್ರ ನಿಮ್ಮಲ್ಲಿದ್ದರೆ, ಕೆಲವು ನಿಮಿಷ ಹೆಚ್ಚುಕಡಿಮೆಯಾದರೂ, ಕ್ಯಾಮೆರಾದ ಗಡಿಯಾರವನ್ನು ಅದರಿಂದ ಒರೆಗೆ ಹಚ್ಚಬಹುದು.

2023ರ ಆ ರಾತ್ರಿಯ ಚಿತ್ರ 17ರ ಸಂಜೆ 7:57 ಎಂದು ತೋರಿಸಿದರೆ ಅಂತರ ಸರಿಯಾಗಿ ಐದೂವರೆ ಗಂಟೆ. ಅದು ಭಾರತೀಯ ಕಾಲಮಾನಕ್ಕೂ ಜಾಗತಿಕ ಕಾಲಮಾನಕ್ಕೂ ಇರುವ ಅಂತರ. ಕ್ಯಾಮೆರಾ ತಪ್ಪು ಮಾಡಿಲ್ಲ. ಯಾವುದೋ ತಂತ್ರಾಂಶ ಒಂದು ಕಾಲಮಾನವನ್ನು ಇನ್ನೊಂದೆಂದು ಓದಿದೆ. ಇದು ವಿಶೇಷವಾಗಿ ಫೋಟೋ ಮತ್ತು ವಿಡಿಯೋ ಬೆರೆತ ಫೋಲ್ಡರುಗಳಲ್ಲಿ ಕಾಣುತ್ತದೆ. ಎಂಪಿ4 ವಿಡಿಯೋದ ಒಳಗಿನ ಸಮಯವನ್ನು ನಿಯಮದ ಪ್ರಕಾರ ಜಾಗತಿಕ ಕಾಲಮಾನದಲ್ಲಿ ಬರೆಯಬೇಕು. ಎಕ್ಸಿಫ್ ಬರೆಯುವುದು ಕ್ಯಾಮೆರಾ ಗಡಿಯಾರ ತೋರುವ ಸ್ಥಳೀಯ ಸಮಯವನ್ನು. ಯಾವ ದೇಶದ ಸಮಯ ಎಂದು ಬರೆಯಲು ಎಕ್ಸಿಫ್‌ನಲ್ಲಿ ಜಾಗವೇ ಇರಲಿಲ್ಲ, 2016ರ 2.31ನೇ ಆವೃತ್ತಿಯಲ್ಲಿ ಅದು ಬಂತು. ಹಾಗಾಗಿ ಹಳೆಯ ಫೋಟೋಗಳ ವಿಷಯದಲ್ಲಿ ಪ್ರತಿಯೊಂದು ತಂತ್ರಾಂಶವೂ ತನಗೆ ತೋಚಿದಂತೆ ಊಹಿಸಿಕೊಳ್ಳುತ್ತದೆ.

ಅಂತರ ಒಂದೂವರೆ ಗಂಟೆಯಾಗಿದ್ದರೆ, ಕ್ಯಾಮೆರಾ ತಂದವರು ದುಬೈಯಿಂದ ಬಂದವರೇ ಎಂದು ಕೇಳಿ. ಅಲ್ಲಿಯ ಸಮಯ ನಮ್ಮದಕ್ಕಿಂತ ಅಷ್ಟೇ ಹಿಂದೆ. ಮೊಬೈಲ್ ತಾನಾಗಿ ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ. ಹನ್ನೆರಡು ಗಂಟೆಯಾಗಿದ್ದರೆ ಗಡಿಯಾರ ಇಡುವಾಗ ಬೆಳಿಗ್ಗೆ ಸಂಜೆ ಅದಲುಬದಲಾಗಿದೆ. 1970ರ ಜನವರಿ 1ರ ಬೆಳಿಗ್ಗೆ 5:30 ಎಂದು ಬಂದರೆ ಅದು ತಾರೀಕೇ ಅಲ್ಲ. ಅನೇಕ ಗಣಕ ವ್ಯವಸ್ಥೆಗಳು ಜಾಗತಿಕ ಕಾಲಮಾನದ ಆ ನಡುರಾತ್ರಿಯಿಂದ ಕ್ಷಣಗಳನ್ನು ಎಣಿಸುತ್ತವೆ. ಎಣಿಕೆ ಸೊನ್ನೆಯಾಗಿದ್ದರೆ ನಮ್ಮ ಕಾಲಮಾನದಲ್ಲಿ ಹಾಗೆ ಕಾಣುತ್ತದೆ. 1980ರ ಜನವರಿ 1 ಬಂದರೂ ಅದೇ ಕಥೆ, ಅದು ಮೆಮೊರಿ ಕಾರ್ಡುಗಳ ಹಳೆಯ ಫೈಲ್ ವ್ಯವಸ್ಥೆಯ ಸೊನ್ನೆ.

ಇನ್ನು ದಿನ ಮತ್ತು ತಿಂಗಳು ಬದಲಾಗುವ ದೋಷ. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬವನ್ನು ನಾವು ಸೆಪ್ಟೆಂಬರ್ 3ರಂದು ಆಚರಿಸುತ್ತೇವೆ. ಕೋವಿಗೆ ಹೂವಿಟ್ಟು ಪೂಜೆ ಮಾಡಿದ ಚಿತ್ರ ಮಾರ್ಚ್ 9 ಎಂದು ತೋರಿಸಿದರೆ 3-9 ಎಂಬುದನ್ನು ಅಮೆರಿಕದ ಕ್ರಮದಲ್ಲಿ ಓದಲಾಗಿದೆ. ಇದು ಎರಡು ಕಡೆ ಆಗಬಹುದು, ಎರಡನ್ನೂ ಬೇರ್ಪಡಿಸುವುದು ಸುಲಭ. ಆ ದಿನ ಬೆಳಿಗ್ಗೆ ಕ್ಯಾಮೆರಾದ ಗಡಿಯಾರ ಇಡುವಾಗಲೇ ತಪ್ಪಿದ್ದರೆ ಅಲ್ಲಿಂದ ಮುಂದಿನ ಎಲ್ಲ ಚಿತ್ರಗಳೂ ಒಂದೇ ಸಮನಾಗಿ 178 ದಿನ ಹಿಂದಿರುತ್ತವೆ. ಯಾರೋ ಕೈಯಾರೆ ತಾರೀಕು ಟೈಪ್ ಮಾಡುವಾಗ ತಪ್ಪಿದ್ದರೆ 1ರಿಂದ 12ರವರೆಗಿನ ದಿನಗಳು ಮಾತ್ರ ಕೆಡುತ್ತವೆ, 13ರಿಂದ 31ರವರೆಗಿನವು ಸರಿಯಾಗಿರುತ್ತವೆ. ಹದಿಮೂರನೆಯ ತಿಂಗಳು ಇಲ್ಲವಲ್ಲ! ಅರ್ಧ ಸರಿ, ಅರ್ಧ ತಪ್ಪು ಇರುವ ಫೋಲ್ಡರನ್ನು ಕಂಡ ಕೂಡಲೇ ನಾನು ಈ ದಿಕ್ಕಿಗೆ ನೋಡುತ್ತೇನೆ.

ಮಡಿಕೇರಿ ದಸರಾದ ಫೋಟೋಗಳನ್ನು ತಂದು ಇವು ಎರಡು ದಿನಕ್ಕೆ ಹಂಚಿಹೋಗಿವೆ ಎಂದು ದೂರುವವರಿದ್ದಾರೆ. ದಶಮಂಟಪಗಳ ಶೋಭಾಯಾತ್ರೆ ವಿಜಯದಶಮಿಯ ರಾತ್ರಿ ಹೊರಟು ಬೆಳಗಿನ ಜಾವದವರೆಗೆ ನಡೆಯುತ್ತದೆ. ತಾರೀಕು ನಡುರಾತ್ರಿಗೆ ಬದಲಾಗಲೇಬೇಕು. ಅದನ್ನು ಸರಿಪಡಿಸಲು ಹೋಗಬೇಡಿ.

ಮಳೆಗಾಲ ಕಳೆದ ಮೇಲಿನ ಕ್ಯಾಮೆರಾ

ಈ ದೋಷ ನಮ್ಮ ಜಿಲ್ಲೆಗೆ ಅಂಟಿಕೊಂಡೇ ಬಂದಿದೆ ಎನ್ನಬಹುದು. ಜೂನ್‌ನಲ್ಲಿ ಮಳೆ ಹಿಡಿದರೆ ಲೆನ್ಸಿಗೆ ಬೂಷ್ಟು ಬರುತ್ತದೆಂದು ಕ್ಯಾಮೆರಾವನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟು ಮುಚ್ಚುತ್ತೇವೆ. ಬ್ಯಾಟರಿ ತೆಗೆದಿಡುವುದು ಒಳ್ಳೆಯ ಅಭ್ಯಾಸ, ಅದನ್ನೂ ಮಾಡುತ್ತೇವೆ. ಆದರೆ ಕ್ಯಾಮೆರಾದ ಗಡಿಯಾರಕ್ಕೆ ಒಳಗೊಂದು ಪುಟ್ಟ ಬ್ಯಾಟರಿ ಇರುತ್ತದೆ. ಅನೇಕ ಮಾದರಿಗಳಲ್ಲಿ ಅದು ದೊಡ್ಡ ಬ್ಯಾಟರಿಯಿಂದಲೇ ಚಾರ್ಜ್ ಆಗುವಂಥದ್ದು. ಮೂರು ನಾಲ್ಕು ತಿಂಗಳು ದೊಡ್ಡ ಬ್ಯಾಟರಿ ಇಲ್ಲದಿದ್ದರೆ ಅದು ಬರಿದಾಗಿ, ಗಡಿಯಾರ ಕಾರ್ಖಾನೆಯಲ್ಲಿ ಇಟ್ಟ ಮೊದಲ ತಾರೀಕಿಗೆ ಹಿಂದಿರುಗುತ್ತದೆ. ಅಕ್ಟೋಬರ್‌ನಲ್ಲಿ ಬಿಸಿಲು ಕಂಡ ಖುಷಿಗೆ ಕ್ಯಾಮೆರಾ ತೆಗೆದು ತಲಕಾವೇರಿಗೆ ಹೊರಟಾಗ, ತಾರೀಕು ಹೊಂದಿಸಿ ಎಂದು ಪರದೆ ಕೇಳಿದ್ದನ್ನು ಅವಸರದಲ್ಲಿ ದಾಟಿಸಿಬಿಡುತ್ತೇವೆ. 2023ರಲ್ಲಿ ನನಗೇ ಹೀಗಾಯಿತು. ಆ ರಾತ್ರಿಯ ನೂರ ಎಂಬತ್ತು ಚಿತ್ರಗಳೂ ಎಂಟು ವರ್ಷ ಹಿಂದಿನ ಜನವರಿ 1ಕ್ಕೆ ಹೋಗಿ ಕುಳಿತಿದ್ದವು.

ಸಮಾಧಾನವೆಂದರೆ ಇಂಥ ದೋಷದಲ್ಲಿ ಗಡಿಯಾರ ತಪ್ಪಾಗಿದ್ದರೂ ಓಡುತ್ತಲೇ ಇರುತ್ತದೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ನಿಜವಾದದ್ದೇ. ಜಯಘೋಷದ ಚಿತ್ರವನ್ನು ಅಕ್ಟೋಬರ್ 18ರ 1:27ಕ್ಕೆ ಇಟ್ಟು, ಅದರ ಹಳೆಯ ತಾರೀಕಿಗೂ ಇದಕ್ಕೂ ಇರುವ ಅಂತರವನ್ನು ಎಲ್ಲ ಚಿತ್ರಗಳಿಗೂ ಸಮನಾಗಿ ಕೂಡಿಸಿದೆ. ಭಾಗಮಂಡಲದಲ್ಲಿ ನಿಂತು ಚಹಾ ಕುಡಿದ ಚಿತ್ರ ಹಿಂದಿನ ರಾತ್ರಿ ಒಂಬತ್ತೂಕಾಲಕ್ಕೆ ಬಂದು ಕುಳಿತಿತು. ಚಹಾ ಕುಡಿದದ್ದು ಆ ಹೊತ್ತಿಗೇ.

ಎಲ್ಲ ಚಿತ್ರಗಳಿಗೂ ಒಂದೇ ತಾರೀಕು ಬರೆಯುವ ಆಯ್ಕೆಯನ್ನು ಮಾತ್ರ ಎಂದೂ ಒತ್ತಬೇಡಿ. ಆ ಒಂದು ಒತ್ತಿನಿಂದ ನಡುವಿನ ಅಂತರಗಳೆಲ್ಲ ನಾಶವಾಗುತ್ತವೆ. ಕೂಡಿಸುವ ಅಥವಾ ಕಳೆಯುವ ಆಯ್ಕೆಯೇ ಸರಿಯಾದದ್ದು.

ದುರಸ್ತಿ

ಇದಕ್ಕೆ ನಾನು ನೆಚ್ಚಿಕೊಂಡಿರುವುದು ಎಕ್ಸಿಫ್‌ಟೂಲ್. ಫಿಲ್ ಹಾರ್ವೆ ಎಂಬವರು 2003ರಿಂದ ಬೆಳೆಸಿಕೊಂಡು ಬಂದಿರುವ ಉಚಿತ ತಂತ್ರಾಂಶ ಇದು. ಗುಂಡಿಗಳಿಲ್ಲ, ಆದೇಶಗಳನ್ನು ಟೈಪ್ ಮಾಡಬೇಕು; ಅದರ ಕೈಪಿಡಿಯಲ್ಲಿರುವ ಮಾದರಿ ಆದೇಶಗಳನ್ನು ಅಕ್ಷರ ಬಿಡದೆ ನಕಲು ಮಾಡಿಕೊಳ್ಳಿ. ಬದಲಿಸುವ ಪ್ರತಿ ಫೈಲಿನ ಹಳೆಯ ರೂಪವನ್ನು ಅದು ಹೆಸರಿನ ಕೊನೆಗೆ ಒರಿಜಿನಲ್ ಎಂದು ಸೇರಿಸಿ ಪಕ್ಕದಲ್ಲೇ ಉಳಿಸುತ್ತದೆ. ಗುಂಡಿಗಳೇ ಬೇಕು ಎನ್ನುವವರಿಗೆ ಡಿಜಿಕ್ಯಾಮ್ ಇದೆ, ಅದೂ ಉಚಿತ. ಅದರಲ್ಲಿ ತಾರೀಕು ಮತ್ತು ಸಮಯ ಹೊಂದಿಸುವ ಸಾಧನದಲ್ಲಿ ಗಂಟೆ, ದಿನಗಳನ್ನು ಕೂಡಿಸಿ ಕಳೆಯಬಹುದು.

ಮೂಲ ಫೈಲ್ ಸಿಕ್ಕಿದರೆ ಕೆಲಸ ಅರ್ಧ ಮುಗಿದಂತೆ. ಮೂಲದಿಂದ ತಾರೀಕನ್ನು ತೆಗೆದು ತಿದ್ದಿದ ಫೈಲಿಗೆ ಬರೆಯಲು ಎಕ್ಸಿಫ್‌ಟೂಲ್‌ಗೆ ಹೇಳಬಹುದು. ಎರಡೂ ಫೋಲ್ಡರಿನಲ್ಲಿ ಫೈಲಿನ ಹೆಸರು ಒಂದೇ ಆಗಿದ್ದರೆ ನೂರಾರು ಚಿತ್ರಗಳನ್ನು ಒಮ್ಮೆಗೇ ಮುಗಿಸಬಹುದು. ಇಲ್ಲಿ ಒಂದು ಹಳ್ಳ ಇದೆ, ನಾನೂ ಬಿದ್ದಿದ್ದೇನೆ. ತಾರೀಕಿನ ಜೊತೆ ಎಕ್ಸಿಫ್‌ನ ಎಲ್ಲವನ್ನೂ ತಂದರೆ, ಚಿತ್ರವನ್ನು ಯಾವ ಕಡೆಗೆ ತಿರುಗಿಸಿ ತೋರಿಸಬೇಕು ಎಂಬ ಹಳೆಯ ಸೂಚನೆಯೂ ಬರುತ್ತದೆ. ತಿದ್ದುವಾಗ ನೀವು ಆಗಲೇ ನೆಟ್ಟಗೆ ಮಾಡಿದ್ದೀರಿ. ಈಗ ಅದು ಇನ್ನೊಂದು ಸಲ ತಿರುಗಿ ಅಡ್ಡ ಬೀಳುತ್ತದೆ. ಹಳೆಯ ಪುಟ್ಟ ಮುನ್ನೋಟದ ಚಿತ್ರವೂ ಜೊತೆಗೆ ಬರಬಹುದು, ನೀವು ಕತ್ತರಿಸಿ ತೆಗೆದದ್ದು ಅದರಲ್ಲಿ ಕಾಣುತ್ತದೆ. ಹಾಗಾಗಿ ತಾರೀಕುಗಳನ್ನು ಮಾತ್ರ ತನ್ನಿ.

ಹೊರಗಿನ ಚೀಟಿಯನ್ನೂ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಒಳಗಿನ ತಾರೀಕನ್ನು ಓದಿ ಫೈಲ್ ಬದಲಾದ ತಾರೀಕಿನ ಜಾಗಕ್ಕೆ ಬರೆಯುವ ಆದೇಶ ಇದೆ. ಹೊರಗಿನದನ್ನು ಮಾತ್ರ ನೋಡುವ ಟಿವಿ, ಹಳೆಯ ಮೊಬೈಲ್‌ಗಳಲ್ಲೂ ಆಗ ಸಾಲು ಸರಿಯಾಗುತ್ತದೆ.

ಗೂಗಲ್ ಫೋಟೋಸ್‌ನಲ್ಲಿ ತಾರೀಕು ಬದಲಿಸುವವರಿಗೆ ಒಂದು ಮಾತು. ಅಲ್ಲಿ ಮಾಡಿದ ತಿದ್ದುಪಡಿ ಅವರ ದಾಖಲೆಯಲ್ಲಿ ಉಳಿಯುತ್ತದೆ, ಫೈಲಿನೊಳಗೆ ಹೋಗುವುದಿಲ್ಲ. ಗೂಗಲ್‌ನ ಟೇಕ್‌ಔಟ್ ಎಂಬ ಸೌಲಭ್ಯದ ಮೂಲಕ ಎಲ್ಲವನ್ನೂ ಇಳಿಸಿಕೊಂಡಾಗ ಪ್ರತಿ ಚಿತ್ರದ ಜೊತೆ ಬರುವ ಜೇಸನ್ ಎಂಬ ಪುಟ್ಟ ಮಾಹಿತಿ ಫೈಲಿನಲ್ಲಿ ಆ ತಾರೀಕು ಇರುತ್ತದೆ. ಕಸವೆಂದು ತಿಳಿದು ಅವನ್ನು ಅಳಿಸಿಬಿಟ್ಟವರಿದ್ದಾರೆ. ಅಳಿಸಬೇಡಿ.

ಮೂಲವೇ ಸಿಗದಿದ್ದರೆ

ಆಗ ಸುತ್ತಲಿನ ಸಾಕ್ಷಿಗಳನ್ನು ಕೇಳಬೇಕು. ಫೈಲಿನ ಹೆಸರು ಮೊದಲ ಸಾಕ್ಷಿ. ಅನೇಕ ಮೊಬೈಲ್‌ಗಳು ವರ್ಷ, ತಿಂಗಳು, ದಿನ, ಸಮಯವನ್ನು ಹೆಸರಿನಲ್ಲೇ ಬರೆಯುತ್ತವೆ. ವಾಟ್ಸ್‌ಆ್ಯಪ್ ಚಿತ್ರದ ಹೆಸರಿನಲ್ಲಿ 20180817 ಎಂದಿದ್ದರೆ ಅದು ಆ ಮೊಬೈಲಿಗೆ ಚಿತ್ರ ಬಂದ ದಿನ, ತೆಗೆದ ದಿನವಲ್ಲ. ಆದರೂ ಅದರಿಂದ ಒಂದು ವಿಷಯ ಖಚಿತ: ಚಿತ್ರ ಆ ದಿನಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲ. ಕ್ಯಾಮೆರಾದ ಕ್ರಮಸಂಖ್ಯೆ ಇನ್ನೊಂದು ಸಾಕ್ಷಿ. 451ನೇ ಚಿತ್ರಕ್ಕೆ ತಾರೀಕಿಲ್ಲದೆ, 450 ಮತ್ತು 453ಕ್ಕೆ ಇದ್ದರೆ ಅದು ಆ ಎರಡರ ನಡುವಿನದು.

ಐನ್‌ಮನೆಯ (ಕುಟುಂಬದ ಮೂಲಮನೆಯ) ಗೋಡೆಯಿಂದ ಇಳಿಸಿ ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳಿಗೆ ಚೌಕಟ್ಟು ಬಿಚ್ಚಿ ಹಿಂಬದಿ ನೋಡಿ. ಸ್ಟುಡಿಯೋದ ಮೊಹರು, ಪೆನ್ಸಿಲಿನಲ್ಲಿ ಬರೆದ ಇಸವಿ ಸಿಗಬಹುದು. ತೊಂಬತ್ತರ ದಶಕದ ಫಿಲ್ಮ್ ಕ್ಯಾಮೆರಾಗಳು ಕೆಲವು ಸಲ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಕು ಅಚ್ಚೊತ್ತುತ್ತಿದ್ದವು. ಅಂದದ ಹೆಸರಿನಲ್ಲಿ ಅದನ್ನು ಕತ್ತರಿಸಿ ಎಸೆಯಬೇಡಿ. ಇಸವಿ ಮಾತ್ರ ಗೊತ್ತಿದ್ದರೆ ಜನವರಿ 1 ಎಂದು ತುಂಬುವ ರೂಢಿ ಇದೆ. ಅದನ್ನು ನಾನು ಒಪ್ಪುವುದಿಲ್ಲ, ಇಪ್ಪತ್ತು ವರ್ಷದ ಮೇಲೆ ನೋಡುವವರು ಅದನ್ನೇ ನಿಜವೆಂದು ನಂಬುತ್ತಾರೆ. ಎಕ್ಸ್‌ಎಂಪಿ ಎಂಬ ಇನ್ನೊಂದು ಮಾಹಿತಿ ಖಾನೆಯಲ್ಲಿ ಬರೀ ಇಸವಿಯನ್ನೋ ಇಸವಿ ಮತ್ತು ತಿಂಗಳನ್ನೋ ಬರೆಯಲು ಅವಕಾಶವಿದೆ. ಅದು ಕಷ್ಟವೆನಿಸಿದರೆ ಚಿತ್ರದ ವಿವರಣೆಯಲ್ಲಿ, ಯಾರು ಹೇಳಿದರು ಎಂಬುದರ ಸಮೇತ, ಅಂದಾಜು ಎಂದು ಬರೆಯಿರಿ.

ಪರಿಹಾರದ ಅರ್ಜಿ, ಜಮೀನಿನ ತಕರಾರು ಇಂಥ ಕಡೆ ಫೋಟೋ ಕೊಡುವವರು ಇದನ್ನು ಗಮನಿಸಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಒಳಗಿರುವುದೆಲ್ಲದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಕೇತವನ್ನು ಬರೆಯಬೇಕು. ಒಳ್ಳೆಯ ಉದ್ದೇಶದಿಂದ ತಾರೀಕನ್ನು ತಿದ್ದಿದರೂ ಆ ಮೌಲ್ಯ ಬದಲಾಗುತ್ತದೆ. ಅಂಥ ಫೋಟೋಗಳ ಮೂಲ ಕಾರ್ಡನ್ನೇ ಬೀಗ ಸರಿಸಿ ಎತ್ತಿಡಿ.

ಮತ್ತೆ ಹೀಗಾಗದಂತೆ

ಎರಡೇ ಅಭ್ಯಾಸ ಹೇಳುತ್ತೇನೆ. ತಿದ್ದುವ ಮುಂಚೆ ಪ್ರತಿ ಫೈಲಿನ ಹೆಸರಿನ ಆರಂಭದಲ್ಲಿ ವರ್ಷ, ತಿಂಗಳು, ದಿನ, ಸಮಯವನ್ನು ಇದೇ ಕ್ರಮದಲ್ಲಿ ಸೇರಿಸಿ. ಎಕ್ಸಿಫ್‌ಟೂಲ್, ಡಿಜಿಕ್ಯಾಮ್ ಎರಡೂ ಒಳಗಿನ ತಾರೀಕು ಓದಿ ಇದನ್ನು ತಾವೇ ಮಾಡುತ್ತವೆ. ಆಮೇಲೆ ಯಾವ ತಂತ್ರಾಂಶ ಒಳಗಿನದನ್ನು ಅಳಿಸಿದರೂ ಹೆಸರು ಉಳಿಯುತ್ತದೆ.

ಇನ್ನೊಂದು, ಸಮಾರಂಭಕ್ಕೆ ಹೋದ ಕೂಡಲೇ ಪ್ರತಿ ಕ್ಯಾಮೆರಾದಿಂದಲೂ ಒಂದೇ ಮೊಬೈಲಿನ ಗಡಿಯಾರದ ಫೋಟೋ ತೆಗೆದುಕೊಳ್ಳಿ. ಮದುವೆಗೆ ಎರಡು ಕ್ಯಾಮೆರಾ ಹೋದಾಗ ದಂಪತಿ ಮುಹೂರ್ತಕ್ಕಿಂತ ಮೊದಲೇ, ಅದರ ನಂತರದ ಗಂಗಾಪೂಜೆ ನಡೆದಂತೆ ಆಲ್ಬಂ ಕಾಣುವುದು ಎರಡು ಗಡಿಯಾರಗಳ ವ್ಯತ್ಯಾಸದಿಂದ. ಗಡಿಯಾರದ ಆ ಒಂದು ಚಿತ್ರವಿದ್ದರೆ ವ್ಯತ್ಯಾಸ ನಿಮಿಷ, ಕ್ಷಣಗಳ ಲೆಕ್ಕದಲ್ಲಿ ಸಿಗುತ್ತದೆ.

ಆ ಪೆನ್‌ಡ್ರೈವ್‌ನ ಲೆಕ್ಕ ಹೇಳುವುದು ಉಳಿಯಿತು. ತಂತ್ರಾಂಶದಿಂದ ಕೆಟ್ಟ 126ರಲ್ಲಿ 118ರ ಮೂಲ ಹಳೆಯ ಮೆಮೊರಿ ಕಾರ್ಡಿನಲ್ಲಿ ಸಿಕ್ಕಿತು. ನೆಂಟರಿಗೆ ಫೋನ್ ಮಾಡಿ, ಡಾಕ್ಯುಮೆಂಟ್ ಎಂದು ಮತ್ತೆ ಕಳುಹಿಸಿ ಎಂದು ಕೇಳಿಕೊಂಡಾಗ 39ರಲ್ಲಿ 28 ಬಂದವು. ಉಳಿದ 19ರಲ್ಲಿ ಹನ್ನೆರಡನ್ನು ಹೆಸರು ಮತ್ತು ಕ್ರಮಸಂಖ್ಯೆಯಿಂದ ಅವುಗಳ ಜಾಗಕ್ಕೆ ಸೇರಿಸಿದೆವು. ಕೊನೆಯ ಏಳರಲ್ಲಿ ಗದ್ದೆ ಇದೆ, ಗದ್ದೆಯಾಚೆ ಗುಡ್ಡವೂ ಇದೆ. ಗುಡ್ಡ ಇರುವುದರಿಂದ ಅವು 2018ರ ಆಗಸ್ಟ್‌ಗಿಂತ ಮುಂಚಿನವು ಎಂದು ಆ ಹಿರಿಯರು ಹೇಳಿದ ಮಾತನ್ನು ವಿವರಣೆಯಲ್ಲಿ ಬರೆದು, ತಾರೀಕಿನ ಜಾಗವನ್ನು ಖಾಲಿ ಬಿಟ್ಟಿದ್ದೇವೆ.